ಹುಳು ಮನೆ ಬಿಟ್ಟು ಬೆಂಗಳೂರಿಗೆ ಹೋಗೋದು ಹೇಗೆ?

ಮೇಲೂರು ಕಡೆ ರೇಷ್ಮೆ ಸಾಕುವವರಿಗೆಲ್ಲ ಗೊತ್ತು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಮನೆಯವರು ಯಾರೂ ಕದಲುವ ಹಾಗಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಅಂಥ ದಿನದಲ್ಲೇ ಮೂವತ್ತು ದಾಟಿದ ಮಗನ ಮಾತ್ರೆ ಮುಗಿದರೆ?

ಈ ಭಾಗದ ತಾಯಿಯೊಬ್ಬರು ನಮ್ಮ ಹತ್ತಿರ ಹೇಳಿಕೊಂಡಿದ್ದು ಇದನ್ನೇ. ಬೆಂಗಳೂರಿಗೆ ಹೋಗಿಬಂದರೆ ಒಂದು ದಿನ ಹೋಯಿತು, ಬೆಳೆ ಕೆಟ್ಟಿತು. ಹೋಗದಿದ್ದರೆ ಮಗ ನಿದ್ದೆ ಬಿಡುತ್ತಾನೆ, ಯಾರೋ ಕಿವಿಯಲ್ಲಿ ಬೈಯುತ್ತಿದ್ದಾರೆ ಅನ್ನುತ್ತಾನೆ. "ನಾವಿರೋಗಂಟ ನೋಡ್ಕಂತೀವಿ. ನಾವು ಹೋದ್ಮೇಲೆ ಇವನಿಗೆ ಯಾರಪ್ಪಾ ದಿಕ್ಕು?" ಅಂದರು.

ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗೆಂದು ಆಸ್ಪತ್ರೆ ಶುರುವಾಗಿದ್ದು 19ನೇ ಶತಮಾನದ ಮಧ್ಯದಲ್ಲಿ. ಆಗಿನ ಇಂಥ ಆಸ್ಪತ್ರೆಗಳಲ್ಲಿ ರೋಗಿ ಒಳಗೆ, ಹೆತ್ತವರು ಹೊರಗೆ. ಜನ ಅದನ್ನು ಹುಚ್ಚಾಸ್ಪತ್ರೆ ಅಂದರು, ಆ ಹೆಸರಿನ ಹೆದರಿಕೆ ಇವತ್ತಿಗೂ ಹೋಗಿಲ್ಲ. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಹೆತ್ತವರನ್ನು ಒಳಗೆ ಕರೆದಿದ್ದು 1950ರ ದಶಕದಲ್ಲಿ, ಪಂಜಾಬಿನ ಅಮೃತಸರದಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳು ಕಿಕ್ಕಿರಿದಿದ್ದರು, ಸಿಬ್ಬಂದಿ ಸಾಲುತ್ತಿರಲಿಲ್ಲ. ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ಮನೆಯವರನ್ನೂ ರೋಗಿಯ ಜೊತೆ ಇರಿಸಿಕೊಂಡರು. ಕಾಯಿಲೆ ಅಂದರೆ ಏನು, ಹೇಗೆ ನೋಡಿಕೊಳ್ಳಬೇಕು ಎಂದು ದಿನವೂ ಅವರಿಗೆ ತಿಳಿಸಿ ಹೇಳುತ್ತಿದ್ದರು. ಆಮೇಲೆ ವೆಲ್ಲೂರಿನಲ್ಲಿ, ನಿಮ್ಹಾನ್ಸ್‌ನಲ್ಲಿ ಕೂಡ ಕುಟುಂಬದ ಜೊತೆಗಿರಿಸಿ ಚಿಕಿತ್ಸೆ ಕೊಡುವುದು ಬಂತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ನಡೆದಿದ್ದು ಬೇರೆ. ಮಕ್ಕಳಿಗೆ ಸ್ಕಿಜೋಫ್ರೇನಿಯಾ ಬರುವುದಕ್ಕೆ ತಾಯಿ ಬೆಳೆಸಿದ ರೀತಿಯೇ ಕಾರಣ ಎಂದು ಅಲ್ಲಿನ ಕೆಲವು ವೈದ್ಯರೇ ಹೇಳುತ್ತಿದ್ದರು. ಮುಂದೆ ಆ ಮಾತು ಸುಳ್ಳಾಯಿತು. ನಮ್ಮಲ್ಲಿ ಮಾತ್ರ "ಹೆತ್ತವರ ಪಾಪ", "ಯಾರೋ ಮಾಡಿಸಿದ್ದಾರೆ" ಅನ್ನುವುದು ಇನ್ನೂ ನಿಂತಿಲ್ಲ. ಹರಕೆ ಹೊತ್ತು ಗುಡಿ, ದರ್ಗಾ ಸುತ್ತುವವರನ್ನು ನಾವು ಹಂಗಿಸುವುದಿಲ್ಲ. ಹರಕೆ ಇರಲಿ, ಮಾತ್ರೆ ನಿಲ್ಲಬಾರದು ಅಷ್ಟೆ. ಆದರೆ 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗಲಿಲ್ಲ. 28 ಜನ ಸತ್ತರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಚಿಕಿತ್ಸೆ ಹಳ್ಳಿಗೆ ಹತ್ತಿರವಾದ ಕಥೆಯಲ್ಲಿ ನಮ್ಮ ರಾಜ್ಯದ್ದೇ ಮುಖ್ಯ ಪಾತ್ರ. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರು ಹೊರವಲಯದ ಸಕಲವಾರದಲ್ಲಿ ಕೇಂದ್ರ ಮಾಡಿ, ಸುತ್ತಲ ಹಳ್ಳಿಗಳಲ್ಲಿ ಕೆಲಸ ಶುರು ಮಾಡಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2014ರಲ್ಲಿ ನಮ್ಮ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ತಂದು, ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ನೋಡುವ ವ್ಯವಸ್ಥೆ ಮಾಡಿತು. 1954ರಿಂದ ಲೆಕ್ಕ ಹಾಕಿದರೆ, ಬೆಂಗಳೂರಿನಿಂದ ತಾಲ್ಲೂಕಿಗೆ ಬರಲು 60 ವರ್ಷ ಹಿಡಿಯಿತು.

ಆ ತಾಯಿಗೆ ಮಂಗಳವಾರದ ವಿಷಯ ಹೇಳಿದೆವು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ದಿನ ವಿಚಾರಿಸಿ. ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

"ನಾವು ಹೋದ್ಮೇಲೆ?" ಅನ್ನುವುದಕ್ಕೆ ಕಾಯ್ದೆಯಲ್ಲಿ ಅರ್ಧ ಉತ್ತರವಿದೆ. ಮಗ ಚೆನ್ನಾಗಿರುವ ದಿನಗಳಲ್ಲೇ, ತನಗೆ ಕಾಯಿಲೆ ಹೆಚ್ಚಾದಾಗ ನಿರ್ಧಾರಕ್ಕೆ ನೆರವಾಗಲು ನಂಬಿಕೆಯ ಒಬ್ಬರನ್ನು ತಾನೇ ಬರವಣಿಗೆಯಲ್ಲಿ ಹೆಸರಿಸಬಹುದು. ಅಣ್ಣ, ಅಕ್ಕ, ಸ್ನೇಹಿತ ಯಾರಾದರೂ ಆಗಬಹುದು, ಅವರು ಒಪ್ಪಬೇಕು. 2016ರ ಅಂಗವಿಕಲರ ಕಾಯ್ದೆ ಪ್ರಕಾರ ಮಾನಸಿಕ ಕಾಯಿಲೆಯೂ ಅಂಗವೈಕಲ್ಯ. ಪ್ರಮಾಣಪತ್ರ ಇದ್ದರೆ ಪಿಂಚಣಿಗೆ ಅರ್ಜಿ ಹಾಕಬಹುದು.

ಉಳಿದ ಅರ್ಧ ಇನ್ನೂ ಕಾಗದದಲ್ಲೇ ಇದೆ. ಇಂಥವರು ಇರಲು ಆಸರೆ ಮನೆಗಳನ್ನು ಸರ್ಕಾರ ಮಾಡಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ನಮ್ಮ ತಾಲ್ಲೂಕಿನವರಿಗೆ ಅದು ಎಲ್ಲಿ, ಯಾವಾಗ ಎಂದು ಗ್ರಾಮಸಭೆಯಲ್ಲಿ ಕೇಳೋಣ. ಹುಳು ಮನೆಯಲ್ಲಿ ಒಬ್ಬರೇ ಕೂತು ಕೇಳಿಕೊಳ್ಳುವ ಪ್ರಶ್ನೆಯಾಗಿ ಅದು ಉಳಿಯಬಾರದು.