ಬೆಂಗಳೂರಿನ ವಿಮಾನನಿಲ್ದಾಣದ ದಾರಿಯೂ ಬಡಾವಣೆಗಳ ಹಿತವೂ

ದೂರದಿಂದ ಬರುವ ಪ್ರಯಾಣಿಕನಿಗೆ ನಗರದ ಬಾಗಿಲನ್ನು ತೆರೆಯುವುದು ಮೊದಲೋ, ನಗರದೊಳಗಿನ ನಿವಾಸಿಗೆ ಸಂಚಾರದ ಅನುಕೂಲವನ್ನು ಒದಗಿಸುವುದು ಮೊದಲೋ ಎಂಬ ಪ್ರಶ್ನೆಯು ಮಹಾನಗರಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಏಳತಕ್ಕದ್ದು. ಬೆಂಗಳೂರು ಇದಕ್ಕೆ ಇತ್ತ ಉತ್ತರವು ಯಾವುದೊಂದು ನಿರ್ಣಯದಲ್ಲಿಯೂ ದೊರೆಯುವುದಿಲ್ಲ. ಕೆಲಸಗಳು ನಡೆದ ಅನುಕ್ರಮವನ್ನು ಪರ್ಯಾಲೋಚಿಸಿದರೆ ಮಾತ್ರ ವಿಶದವಾಗುವುದು.

1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದಾಗ, ಆ ಸ್ಥಳವು ನಗರದ ಪೂರ್ವದಿಕ್ಕಿನ ಹೊರವಲಯವಾಗಿದ್ದಿತು. ಮುಂದೆ ನಾಗರಿಕ ವಿಮಾನಗಳಿಗೂ ಅದೇ ನಿಲ್ದಾಣವಾಯಿತು. ಕಾಲಕ್ರಮದಲ್ಲಿ ಬಡಾವಣೆಗಳು ಅದನ್ನು ಸುತ್ತುವರಿದುದರಿಂದ ಅದು ಬೆಳೆಯಲು ಎಡೆಯಿಲ್ಲದಾಯಿತು. 2008ರ ಮೇ 24ರಂದು ನಾಗರಿಕ ವಿಮಾನಸಂಚಾರವು ದೇವನಹಳ್ಳಿಯ ಬಳಿಯ ಹೊಸ ನಿಲ್ದಾಣಕ್ಕೆ ವರ್ಗವಾಯಿತು. 2013ರಲ್ಲಿ ಕೆಂಪೇಗೌಡರ ಹೆಸರನ್ನು ಪಡೆದ ಈ ನಿಲ್ದಾಣವು ನಗರದ ನಡುಭಾಗದಿಂದ 30 ಕಿಲೋಮೀಟರಿಗಿಂತಲೂ ದೂರದಲ್ಲಿರುವುದು.

ಈ ದೂರವನ್ನು ತುಂಬಲು ಮೊದಲು ಒದಗಿದುದು ರಸ್ತೆಯೇ. ವಾಯುವಜ್ರವೆಂಬ ಬಸ್ಸುಗಳು ಓಡಿದವು. ಹೆಬ್ಬಾಳದಿಂದ ಮುಂದಕ್ಕೆ ಎತ್ತರಿಸಿದ ಹೆದ್ದಾರಿಯು 2014ರಲ್ಲಿ ತೆರೆಯಿತು. ನಗರದ ನಡುವಿನಿಂದ ನಿಲ್ದಾಣಕ್ಕೆ ನೇರವಾಗಿ ಓಡತಕ್ಕ ಅತಿವೇಗದ ರೈಲಿನ ಯೋಜನೆಯು ಕೈಗೂಡಲಿಲ್ಲ. ಯಲಹಂಕದಿಂದ ದೇವನಹಳ್ಳಿಯ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳೆಯ ರೈಲುದಾರಿಯು ನಿಲ್ದಾಣದ ಸಮೀಪದಲ್ಲಿಯೇ ಇದ್ದರೂ, ಅಲ್ಲಿ ವಿಮಾನಪ್ರಯಾಣಿಕರಿಗಾಗಿ ತಂಗುದಾಣವು ತೆರೆದುದು 2021ರಲ್ಲಿ. ಓಡುವ ಗಾಡಿಗಳು ಕೆಲವೇ ಆದುದರಿಂದ, ಹಳಿ ಇದ್ದ ಮಾತ್ರಕ್ಕೆ ಸೌಕರ್ಯ ಒದಗದೆಂಬುದು ಸ್ಪಷ್ಟವಾಯಿತು.

ನಗರದೊಳಗಿನ ಕ್ರಮವೇ ಬೇರೆ. ಮೆಟ್ರೊ ರೈಲು 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಮಹಾತ್ಮಾಗಾಂಧಿ ರಸ್ತೆಗೂ ನಡುವೆ ಓಡತೊಡಗಿತು. 42 ಕಿಲೋಮೀಟರುಗಳ ಮೊದಲ ಹಂತವು 2017ರಲ್ಲಿ ಪೂರ್ಣವಾಯಿತು. ವಿಮಾನನಿಲ್ದಾಣದ ಮಾರ್ಗಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತುದು 2021ರ ಏಪ್ರಿಲಿನಲ್ಲಿ. ಉಪನಗರ ರೈಲಿನ ನಾಲ್ಕು ಮಾರ್ಗಗಳಲ್ಲಿಯೂ ಮೊದಲು ಕೈಗೆತ್ತಿಕೊಂಡುದು ಬೈಯಪ್ಪನಹಳ್ಳಿ–ಚಿಕ್ಕಬಾಣಾವರದ ಮಾರ್ಗವನ್ನಲ್ಲದೆ ದೇವನಹಳ್ಳಿಯ ಮಾರ್ಗವನ್ನಲ್ಲ.

ಇದನ್ನು ಕೇವಲ ವಿಳಂಬವೆನ್ನಲಾಗದು. ಒಪ್ಪಿಗೆ ಪಡೆದ ಸುಮಾರು 58 ಕಿಲೋಮೀಟರುಗಳ ಮೆಟ್ರೊ ಮಾರ್ಗವು ನಗರದ ನಡುವಿನಿಂದ ನೇರವಾಗಿ ಹೊರಡದೆ, ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರ, ಹೆಬ್ಬಾಳಗಳನ್ನು ಬಳಸಿಕೊಂಡು ನಿಲ್ದಾಣವನ್ನು ಸೇರತಕ್ಕದ್ದು. ನೇರವಾದ ಅತಿವೇಗದ ರೈಲು ಮುಖ್ಯವಾಗಿ ವಿಮಾನವೇರುವವರಿಗೆ ಉಪಯುಕ್ತವಾಗುತ್ತಿದ್ದಿತು. ಬಳಸುಹಾದಿಯು ವರ್ತುಲರಸ್ತೆಯ ಕಚೇರಿಗಳಿಗೆ ದಿನವೂ ಹೋಗಿಬರುವವರಿಗೂ ಸಲ್ಲುವುದು. ಎತ್ತರಿಸಿದ ಹೆದ್ದಾರಿ ಊರುಗಳ ಮೇಲೆ ಹಾದುಹೋಗುವುದು. ರೈಲಾದರೋ ಊರುಗಳಲ್ಲಿ ನಿಲ್ಲುವುದು.

ಆದರೆ ಈ ಲಾಭಕ್ಕೆ ತೆತ್ತ ಬೆಲೆಯನ್ನು ಮರೆಯತಕ್ಕದ್ದಲ್ಲ. ನಿಲ್ದಾಣವು ತೆರೆದ ಬಳಿಕ ಸುಮಾರು ಹದಿಮೂರು ವರ್ಷ ಕಳೆದ ಮೇಲೆ ಮೆಟ್ರೊ ಮಾರ್ಗಕ್ಕೆ ಒಪ್ಪಿಗೆ ದೊರೆತುದರಿಂದ, ಅಲ್ಲಿ ದುಡಿಯುವವರೂ ಪ್ರಯಾಣಿಕರೂ ಅಷ್ಟು ಕಾಲ ರಸ್ತೆಯನ್ನೇ ನೆಚ್ಚಬೇಕಾಯಿತು. ಪ್ರಯಾಣಿಕನ ಹಿತಕ್ಕೂ ನಿವಾಸಿಯ ಹಿತಕ್ಕೂ ಸ್ವಭಾವತಃ ವಿರೋಧವಿಲ್ಲ. ನಿಲ್ದಾಣದ ಸ್ಥಳವನ್ನೂ ಅದರ ದಾರಿಯನ್ನೂ ಒಡನೊಡನೆ ನಿಶ್ಚಯಿಸದಿದ್ದಲ್ಲಿಯೇ ಆ ವಿರೋಧವು ಹುಟ್ಟುವುದೆಂಬುದು ಬೆಂಗಳೂರಿನ ಚರಿತ್ರೆಯಿಂದ ಸಿದ್ಧವಾಗುತ್ತದೆ.