ಜಾಲಾವಲಂಬಿ ಪರೀಕ್ಷೆಗಳ ಅಸ್ಥಿರ ವೈಫಲ್ಯ: ನಿದಾನದ ಇತಿಹಾಸ

ಒಂದಕ್ಷರವನ್ನೂ ತಿದ್ದದೆ ನಡೆಸಿದ ಒಂದೇ ಪರೀಕ್ಷೆಯು ಒಮ್ಮೆ ತೇರ್ಗಡೆಯಾಗಿ ಮರುಗಳಿಗೆಯಲ್ಲಿ ವಿಫಲವಾಗುವುದು, ಲಿನಕ್ಸಿನಲ್ಲಿ ಸದಾ ಸಫಲವಾದದ್ದು ವಿಂಡೋಸಿನಲ್ಲಿ ಆಗಾಗ ಎಡವುವುದು, ತಂತ್ರಾಂಶ ವೃತ್ತಿಯವರು ‘ಫ್ಲೇಕಿ ಟೆಸ್ಟ್’ ಎನ್ನುವ ವ್ಯಾಧಿಯ ಲಕ್ಷಣ. ಜಾಲದ ಮೂಲಕ ಅನ್ಯ ಗಣಕದೊಡನೆಯೋ, ಅದೇ ಗಣಕದ ಮತ್ತೊಂದು ಪ್ರೋಗ್ರಾಮಿನೊಡನೆಯೋ ಸಂವಾದಿಸುವ ಪರೀಕ್ಷೆಗಳಲ್ಲಿ ಇದು ವಿಶೇಷವಾಗಿ ಕಾಣಬರುತ್ತದೆ.

ಇದರ ಮೂಲವನ್ನು 1983ರಷ್ಟು ಹಿಂದೆ ಅರಸಬೇಕು. ಆ ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು 4.2 ಬಿಎಸ್‌ಡಿ ಯೂನಿಕ್ಸಿನೊಡನೆ ಹೊರತಂದ, ಪ್ರೋಗ್ರಾಮುಗಳು ಜಾಲದಲ್ಲಿ ಸಂವಾದಿಸಲು ಬಳಸುವ ಕರೆಗಳ ‘ಸಾಕೆಟ್’ ಪದ್ಧತಿಯು ಕ್ರಮೇಣ ಸರ್ವತ್ರ ಅಂಗೀಕೃತವಾಯಿತು. 1993ರ ವಿನ್‌ಸಾಕ್ 1.1 ಅದನ್ನು ವಿಂಡೋಸಿಗೆ ಅಳವಡಿಸಿತು. ಕರೆಗಳ ಹೆಸರು ಒಂದಾದರೂ ನಡತೆ ಒಂದಾಗಲಿಲ್ಲ. ಯಾವ ಪ್ರೋಗ್ರಾಮೂ ಕಾದಿರದ ಪೋರ್ಟಿಗೆ ಅದೇ ಗಣಕದೊಳಗಿಂದ ಸಂಪರ್ಕ ಬೇಡಿದರೆ ಲಿನಕ್ಸ್ ತತ್‌ಕ್ಷಣವೇ ನಿರಾಕರಣೆಯನ್ನು ತಿಳಿಸುವುದು. ವಿಂಡೋಸಾದರೋ ನಿರಾಕರಣೆ ಬಂದ ಮೇಲೂ ಪುನಃ ಪ್ರಯತ್ನಿಸಿ, ಅನಂತರವೇ ಸೋಲನ್ನು ಒಪ್ಪುವುದು. ಆದಕಾರಣ ಅಲ್ಪ ಗಡುವಿನ ಪರೀಕ್ಷೆಯು ಒಂದೆಡೆ ‘ನಿರಾಕೃತ’ವೆಂದೂ ಇನ್ನೊಂದೆಡೆ ‘ಟೈಮ್‌ಔಟ್’ ಎಂದೂ ವರದಿಮಾಡುತ್ತದೆ. 127.0.0.2 ಎಂಬ ವಿಳಾಸಕ್ಕೆ ಲಿನಕ್ಸ್ ತಾನಾಗಿಯೇ ಓಗೊಡುವುದು, ಮ್ಯಾಕ್ಓಎಸ್ ಪ್ರತ್ಯೇಕ ಏರ್ಪಾಡಿಲ್ಲದೆ ಓಗೊಡದು. ‘ಲೋಕಲ್‌ಹೋಸ್ಟ್’ ಎಂಬ ನಾಮವಂತೂ ಐಪಿವಿ4 ಮತ್ತು ಐಪಿವಿ6 ವಿಳಾಸಗಳೆರಡಕ್ಕೂ ಸಲ್ಲುವುದರಿಂದ, ಸರ್ವರ್ ಒಂದರಲ್ಲಿ ಕಾದಿರುವಾಗ ಪರೀಕ್ಷೆ ಮತ್ತೊಂದನ್ನು ತಟ್ಟುವ ಪ್ರಸಂಗಗಳು ಅನೇಕ.

ಟ್ಯಾಂಡೆಮ್ ಗಣಕ ಸಂಸ್ಥೆಯ ಜಿಮ್ ಗ್ರೇ 1985ರ ತಮ್ಮ ಪ್ರಖ್ಯಾತ ವರದಿಯಲ್ಲಿ, ಪರಿಶೀಲಿಸ ಹೊರಟೊಡನೆ ಮರೆಯಾಗುವ ದೋಷಗಳನ್ನು ‘ಹೈಸೆನ್‌ಬಗ್’ ಎಂದು ವಿವೇಚಿಸಿ, ಕಾರ್ಯವನ್ನು ಮರಳಿ ನಡೆಸಿದರೆ ಅವು ಸಾಮಾನ್ಯವಾಗಿ ತಲೆದೋರವೆಂದು ತೋರಿಸಿದರು. ನಿತ್ಯದ ವ್ಯವಹಾರ ನಿಲ್ಲಬಾರದ ಯಂತ್ರಕ್ಕೆ ಆ ಮಾರ್ಗ ಯುಕ್ತವೇ. ಪರೀಕ್ಷೆಯಲ್ಲಿ ಮಾತ್ರ ಅದನ್ನು ಅನುಸರಿಸುವುದು ಕಾರಣವನ್ನು ಹೂತಿಟ್ಟಂತೆಯೇ ಸರಿ. ಯಥಾರ್ಥ ನಿದಾನಕ್ಕೆ ತಂತಿಯ ಮೇಲೆ ಹರಿದದ್ದನ್ನು ಕಾಣಬೇಕಿತ್ತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 1988ರಲ್ಲಿ ಹುಟ್ಟಿದ ಟಿಸಿಪಿಡಂಪ್ ಆ ದೃಷ್ಟಿಯನ್ನು ಒದಗಿಸಿತು. 1998ರ ಈಥೀರಿಯಲ್, 2006ರಿಂದ ವೈರ್‌ಶಾರ್ಕ್ ಎಂಬ ಹೆಸರಿನಲ್ಲಿ, ಅದನ್ನು ಸರ್ವಸುಲಭಗೊಳಿಸಿತು. ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತ ವಿದ್ಯಾರ್ಥಿಗೂ ಈ ಸಾಧನ ಹಣವಿಲ್ಲದೆ ದೊರೆಯುತ್ತದೆಂಬುದು ಸಾಮಾನ್ಯ ಸಂಗತಿಯಲ್ಲ.

ಈ ನಿದಾನಕ್ಕೆ ಕರ್ನಾಟಕದ ಕಾಣಿಕೆ, ಪ್ರೋಗ್ರಾಮಿನೊಳಗಿನ ಘಟನೆಗಳಲ್ಲಿ ಯಾವುದು ಮೊದಲು ಯಾವುದು ಅನಂತರ ಎಂಬ ವಿಚಾರದಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಲ್ಲವಿ ಮಯ್ಯ ಮತ್ತು ಆದಿತ್ಯ ಕಾನಡೆ, ರೂಪಕ್ ಮಜುಂದಾರರೊಡನೆ 2014ರಲ್ಲಿ ಪ್ರಕಟಿಸಿದ ‘ಡ್ರಾಯ್ಡ್‌ರೇಸರ್’, ಆಂಡ್ರಾಯ್ಡ್ ಆ್ಯಪ್ ಒಂದರ ಓಟದ ದಾಖಲೆಯನ್ನು ಪರಿಶೋಧಿಸಿ, ಯಾವ ಎರಡು ಕ್ರಿಯೆಗಳ ನಡುವೆ ನಿಶ್ಚಿತ ಕ್ರಮವಿಲ್ಲವೆಂಬುದನ್ನು ಹೊರಗೆಡಹುತ್ತದೆ. ಜಾಲದ ಉತ್ತರ ಮೊದಲೋ ಪರದೆಯ ಮುಚ್ಚುವಿಕೆ ಮೊದಲೋ ಎಂಬ ಬಗೆಯ ಸಂದೇಹಕ್ಕೆ ಇದು ಅದೃಷ್ಟವನ್ನು ನೆಚ್ಚದ ಮಾರ್ಗ. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾನಿಲಯದವರು ಅಪಾಚೆ ಯೋಜನೆಗಳಲ್ಲಿ ಅಸ್ಥಿರ ಪರೀಕ್ಷೆಗಳಿಗೆ ಮಾಡಿದ 201 ತಿದ್ದುಪಡಿಗಳನ್ನು ಅಭ್ಯಸಿಸಿ, ವರ್ಗೀಕರಿಸಲಾದ ಪ್ರಕರಣಗಳಲ್ಲಿ ಸುಮಾರು ಶೇ. 45ಕ್ಕೆ, ಉತ್ತರಕ್ಕಾಗಿ ಸರಿಯಾಗಿ ಕಾಯದಿರುವುದೇ ಕಾರಣವೆಂದು ಕಂಡುಕೊಂಡರು. ಇಂತಿಷ್ಟು ಕ್ಷಣ ಸುಮ್ಮನಿರುವ ಬದಲು ಸರ್ವರ್ ಸಿದ್ಧವಾದ ಸೂಚನೆಗಾಗಿ ಕಾಯುವುದು, ಪೋರ್ಟ್ ಸಂಖ್ಯೆಯನ್ನು ಸೊನ್ನೆಯೆಂದು ಕೊಟ್ಟು ಖಾಲಿ ಪೋರ್ಟಿನ ಆಯ್ಕೆಯನ್ನು ಆಪರೇಟಿಂಗ್ ಸಿಸ್ಟಮಿಗೇ ಬಿಡುವುದು ಈಗ ರೂಢಿಗೆ ಬಂದಿವೆ.

ವಿಫಲವಾದ ಓಟವನ್ನೇ ದಾಖಲಿಸಿ ಯಥಾವತ್ ಮರುನಡೆಸುವ ಸಾಧನಗಳೂ ಬಂದಿವೆ: ಮೊಜಿಲ್ಲಾದಲ್ಲಿ ಆರಂಭವಾದ ‘ಆರ್‌ಆರ್’ ಲಿನಕ್ಸಿಗೆ, ಮೈಕ್ರೋಸಾಫ್ಟಿನ ‘ಟೈಮ್ ಟ್ರಾವೆಲ್ ಡಿಬಗಿಂಗ್’ ವಿಂಡೋಸಿಗೆ. ಒಂದರ ದಾಖಲೆಯನ್ನು ಮತ್ತೊಂದರಲ್ಲಿ ನಡೆಸಲಾಗದು. ಎರಡೂ ಕಡೆ ಸೋಲುವ ಪರೀಕ್ಷೆಗೆ ಎರಡು ದಾಖಲೆಗಳನ್ನು ಹೊಂದಿಸಿ ಓದುವ ಶ್ರಮ ಇನ್ನೂ ಮನುಷ್ಯನದೇ.