ಜಂಬಿಟ್ಟಿಗೆ: ಒಂದು ಶಿಲೆಯ ಹೆಸರೂ ಹುಟ್ಟೂ

ಭೂಗರ್ಭಶಾಸ್ತ್ರದ ಪಾರಿಭಾಷಿಕ ಶಬ್ದಗಳೆಲ್ಲವೂ ಪಶ್ಚಿಮ ದೇಶಗಳಲ್ಲಿ ಹುಟ್ಟಿ ನಮ್ಮಲ್ಲಿಗೆ ಬಂದವು, ಅವನ್ನು ಅನುವಾದಿಸಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದ ಕಾರ್ಯ ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ದೃಢವಾಗಿದೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಒಂದು ಶಬ್ದದ ವಿಷಯದಲ್ಲಿ ಅನುವಾದದ ದಿಕ್ಕು ತಿರುಗುಮುರುಗಾಗಿದೆ. ಬ್ರೆಜಿಲ್, ಆಫ್ರಿಕ, ಆಸ್ಟ್ರೇಲಿಯಗಳ ಕೆಂಪು ನೆಲವನ್ನು ವರ್ಣಿಸುವಾಗಲೂ ಜಗತ್ತಿನ ವಿದ್ವಾಂಸರು ಬಳಸುವ ‘ಲ್ಯಾಟರೈಟ್’ ಎಂಬ ಹೆಸರಿನ ಮೂಲವು ದಕ್ಷಿಣ ಭಾರತದ ಜನರ ಬಾಯಿಮಾತಿನಲ್ಲಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಗಳ ಬೇಸಾಯ, ಕಸುಬು, ಜನಜೀವನಗಳನ್ನು ಪರಿಶೀಲಿಸಿ ಬರುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ನೇಮಿಸಿದನು. ಅವನು ೧೮೦೦-೦೧ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ ಬರೆದ ವೃತ್ತಾಂತವು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮಲಬಾರಿನ ಅಂಗಡಿಪುರಂ ಎಂಬಲ್ಲಿ ಅವನು ಒಂದು ವಿಚಿತ್ರ ಶಿಲೆಯನ್ನು ಕಂಡನು. ನೆಲದೊಳಗೆ ಇರುವಷ್ಟು ಕಾಲ ಅದು ಮೆದುವಾಗಿರುತ್ತದೆ. ಗುದ್ದಲಿಯಿಂದ ಅಗೆದು ತೆಗೆದು, ಕತ್ತಿಯಿಂದ ಬೇಕಾದ ಆಕಾರಕ್ಕೆ ಕೊಯ್ಯಬಹುದು. ಗಾಳಿಬಿಸಿಲುಗಳಿಗೆ ಒಡ್ಡಿದೊಡನೆ ಗಟ್ಟಿಯಾಗುತ್ತದೆ. ಇಂಥದಕ್ಕೆ ಯೂರೋಪಿನ ಶಾಸ್ತ್ರದಲ್ಲಿ ಹೆಸರಿರಲಿಲ್ಲ. ದೇಶಭಾಷೆಗಳಲ್ಲಿ ಇದನ್ನು ‘ಇಟ್ಟಿಗೆಕಲ್ಲು’ ಎಂದು ಕರೆಯುತ್ತಾರೆಂಬುದನ್ನು ಗುರುತಿಸಿಕೊಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಅವನು ಕಟ್ಟಿದನು.

ಇದು ಕನ್ನಡಕ್ಕೆ ಮಾತ್ರ ಸಲ್ಲುವ ಕೀರ್ತಿಯೆಂದು ಹೇಳಹೊರಟರೆ ಅತ್ಯುಕ್ತಿಯಾದೀತು. ಅಂಗಡಿಪುರಂ ಮಲೆಯಾಳಿಗಳ ಊರು. ‘ಹಲವು ದೇಶಭಾಷೆಗಳು’ ಎಂಬುದು ಬುಕನನ್ನನದೇ ಅಭಿಪ್ರಾಯ. ಆದರೂ ನಮ್ಮ ‘ಜಂಬಿಟ್ಟಿಗೆ’ ಎಂಬ ಪದದ ಹೊಟ್ಟೆಯಲ್ಲಿಯೂ ಇಟ್ಟಿಗೆಯೇ ಇದೆಯೆಂಬುದನ್ನು ಲಕ್ಷಿಸಬೇಕು. ದಕ್ಷಿಣ ಕನ್ನಡದವರು ಇದನ್ನೇ ‘ಮುರಕಲ್ಲು’ ಎನ್ನುತ್ತಾರೆ. ಕೊಂಕಣದ ಮರಾಠಿಯಲ್ಲಿ ಇದು ‘ಜಾಂಭಾ’. ನಮ್ಮ ಜಂಬಿಟ್ಟಿಗೆಯ ಪೂರ್ವಪದಕ್ಕೂ ಈ ಮರಾಠಿ ಶಬ್ದಕ್ಕೂ ಇರುವ ಹೋಲಿಕೆಯನ್ನು ಮುಂಬಯಿಯಲ್ಲಿ ನೆಲಸಿರುವ ನಮ್ಮ ಭಾಷಾಶಾಸ್ತ್ರಜ್ಞರು ಪರಿಶೀಲಿಸಿದರೆ ಒಳ್ಳೆಯದು.

ಹೆಸರಿನ ಮಾತು ಇರಲಿ. ಈ ಕಲ್ಲು ಹುಟ್ಟಿದ್ದು ಹೇಗೆ? ೧೯ನೆಯ ಶತಮಾನದಲ್ಲಿ ಇದರ ಬಗ್ಗೆ ದೀರ್ಘವಾದ ವಾದವೇ ನಡೆಯಿತು. ಅಗ್ನಿಪರ್ವತದಿಂದ ಬಂದದ್ದೆಂದು ಕೆಲವರು, ನೀರು ಹೊತ್ತು ತಂದು ಹಾಸಿದ್ದೆಂದು ಕೆಲವರು, ತಳದ ಶಿಲೆಯೇ ಇದ್ದಲ್ಲಿಯೇ ಜೀರ್ಣವಾಗಿ ಉಳಿದ ಶೇಷವೆಂದು ಮತ್ತೆ ಕೆಲವರು ವಾದಿಸಿದರು. ಕೊನೆಗೆ ನಿಂತದ್ದು ಮೂರನೆಯ ಮತ. ಮೇಲಿನಿಂದ ಕೊಚ್ಚಿ ಬಂದು ತಗ್ಗಿನಲ್ಲಿ ಮರಳಿ ಬೆಸೆದುಕೊಂಡ ಜಂಬಿಟ್ಟಿಗೆಯೂ ಉಂಟಾದ್ದರಿಂದ ಎರಡನೆಯ ಪಕ್ಷದವರು ಪೂರ್ತಿ ತಪ್ಪಿದರೆನ್ನುವಂತಿಲ್ಲ.

ಕ್ರಮವು ಹೀಗಿದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಬಂಡೆಯೊಳಗೆ ಇಳಿಯುತ್ತದೆ. ಸುಣ್ಣ, ಸೋಡ, ಪೊಟ್ಯಾಷ್, ಮೆಗ್ನೀಷಿಯಗಳು ಮೊದಲು ಕರಗಿ ಹೋಗುತ್ತವೆ. ಸಿಲಿಕವೂ ಮೆಲ್ಲಮೆಲ್ಲನೆ ಹೊರಡುತ್ತದೆ. ಕರಗದೆ ನಿಲ್ಲುವುವು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು. ಕೆಂಪು ಬಣ್ಣವು ಕಬ್ಬಿಣದ್ದು. ಅಲ್ಯೂಮಿನಿಯಮ್ಮಿನ ಅಂಶವು ಹೆಚ್ಚಿದಲ್ಲಿ ಅದೇ ಬಾಕ್ಸೈಟ್ ಅದಿರು. ಬಿರುಸಾದ ಮಳೆಗಾಲವೂ ಬಿಸಿಯಾದ ಒಣಗಾಲವೂ ಒಂದರ ಹಿಂದೊಂದು ಬರುವ ನಾಡಿನಲ್ಲಿ ಈ ಕ್ರಿಯೆಯು ಪ್ರಬಲವಾಗಿರುತ್ತದೆ. ಕರಾವಳಿಯಲ್ಲಿ ಪ್ರಾಚೀನವಾದ ನೈಸ್ ಶಿಲೆಯೂ, ಘಟ್ಟದ ಮೇಲೆ ಉತ್ತರ ಭಾಗದಲ್ಲಿ ಕರಿಯ ಬಸಾಲ್ಟೂ ಹೀಗೆಯೇ ಜಂಬಿಟ್ಟಿಗೆಯಾಗಿವೆ.

ಆ ಬಸಾಲ್ಟಿನ ನೆಲವು ಕಟ್ಟಿದ ನೆಲ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಬಹಳಷ್ಟು ಸವೆದುಹೋದ ಮೇಲೂ ಅದು ಇಂದು ಸುಮಾರು ೫ ಲಕ್ಷ ಚದರ ಕಿಲೋಮೀಟರುಗಳಷ್ಟು ವ್ಯಾಪಿಸಿದೆ. ಮುಂಬಯಿ, ಪುಣೆಗಳು ನಿಂತಿರುವುದು ಇದರ ಮೇಲೆಯೇ. ದಕ್ಷಿಣದಲ್ಲಿ ಇದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕಡೆಗೆ ಚಾಚಿದೆ. ಅಗ್ನಿ ಕಟ್ಟಿದ್ದನ್ನು ನೀರು ಕೆಡವತೊಡಗಿತು. ಆದರೆ ಕೆಡಹುವ ಕೆಲಸದ ನಡುವೆ ಒಂದು ವಿಪರ್ಯಾಸ ಒದಗಿತು. ಸವಕಳಿಯ ಶೇಷವಾದ ಜಂಬಿಟ್ಟಿಗೆಯೇ ಬಿಸಿಲಿಗೆ ಗಟ್ಟಿಯಾಗಿ, ತನ್ನ ಕೆಳಗಿನ ಬಸಾಲ್ಟನ್ನು ಮುಂದಿನ ಸವಕಳಿಯಿಂದ ಕಾಯುವ ಮುಚ್ಚಳವಾಯಿತು. ಮುಚ್ಚಳವಿಲ್ಲದ ಸುತ್ತಲ ನೆಲವನ್ನು ಹೊಳೆಗಳು ಕೊರೆದು ತಗ್ಗು ಮಾಡಿದವು. ಪುಣೆಯಿಂದ ಪಂಚಗಣಿಗೆ ಹೋದವರು ಅಲ್ಲಿ ಮೇಜಿನಂತೆ ಚಪ್ಪಟೆಯಾದ ಬೆಟ್ಟದ ನೆತ್ತಿಯನ್ನು ನೋಡಿರಬಹುದು. ಅದು ಈ ಮುಚ್ಚಳದ ಉಳಿದ ಒಂದು ತುಂಡು.

ಬೀದರದ ಕೋಟೆಯೂ ಅಂಥದೊಂದು ಪ್ರಸ್ಥಭೂಮಿಯ ಅಂಚಿನಲ್ಲಿದೆ. ೧೫ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯನ್ನು ಬಿಟ್ಟು ಇಲ್ಲಿಗೆ ರಾಜಧಾನಿಯನ್ನು ತಂದಾಗ, ಕೋಟೆಯ ಸುತ್ತಣ ಕಂದಕವನ್ನು ಜಂಬಿಟ್ಟಿಗೆಯಲ್ಲಿಯೇ ಕಡಿಸಿದರು. ಒಂದು ಭಾಗದಲ್ಲಿ ಅದು ಮೂರು ಸಾಲಾಗಿದ್ದು, ನಡುವೆ ಕಡಿಯದೆ ಬಿಟ್ಟ ಬಂಡೆಯೇ ಗೋಡೆಯಂತೆ ನಿಂತಿದೆ. ಊರಿನ ನೀರಿಗಾಗಿ ತೋಡಿದ ನೆಲದೊಳಗಿನ ಕಾಲುವೆಗಳ ವಿಷಯವು ಇದಕ್ಕಿಂತಲೂ ಸ್ವಾರಸ್ಯವಾಗಿದೆ. ರಂಧ್ರಮಯವಾದ ಜಂಬಿಟ್ಟಿಗೆಯಲ್ಲಿ ಇಳಿದ ಮಳೆನೀರು, ತಳದ ಬಸಾಲ್ಟನ್ನು ಸುಲಭವಾಗಿ ಭೇದಿಸಲಾರದೆ, ಎರಡೂ ಶಿಲೆಗಳು ಕೂಡುವಲ್ಲಿ ಅಡ್ಡಲಾಗಿ ಹರಿಯುತ್ತದೆ. ‘ಕರೇಜ್’ ಎಂಬ ಆ ಕಾಲುವೆಗಳನ್ನು ತೋಡಿದವರು ಈ ಸಂಧಿಯನ್ನು ಹಿಡಿದೇ ಸಾಗಿದ್ದಾರೆ. ಲ್ಯಾಟರೈಟ್ ಎಂಬ ಹೆಸರು ಹುಟ್ಟಲು ಆಗ ಇನ್ನೂ ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲವಿತ್ತು. ಬೀದರದ ಬಳಿಯ ನೌಬಾದಿನಲ್ಲಿ ಆ ಕಾಲುವೆಗೆ ಗಾಳಿಬೆಳಕು ಕೊಡುತ್ತಿದ್ದ ಬಾವಿಗಳ ಬಾಯಿಗಳನ್ನು ಇಂದಿಗೂ ಸಾಲಾಗಿ ನೋಡಬಹುದು.